ಗಂಟಲಿಲ್ಲದ ದುಂಬಿ ಸದ್ದು ಮಾಡುವುದು ಹೇಗೆ?



ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ಸೆಗಣಿ ಹುಳುಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಜಾತಿಗಳನ್ನು ಕೈಯಲ್ಲಿ ಹಿಡಿದರೆ ಸಣ್ಣಗೆ ಕಿರ್ ಕಿರ್ ಎನ್ನುತ್ತವೆ. ದುಂಬಿಗಳಿಗೆ ಗಂಟಲೂ ಇಲ್ಲ, ಶ್ವಾಸಕೋಶವೂ ಇಲ್ಲ. ಹಾಗಾದರೆ ಸದ್ದು ಎಲ್ಲಿಂದ?

ದುಂಬಿಯ ಮುಂದಿನ ಎರಡು ರೆಕ್ಕೆಗಳು ಗಟ್ಟಿ ಚಿಪ್ಪಿನಂತಿವೆ. ಸೆಗಣಿ ಹುಳು ತನ್ನ ಹೊಟ್ಟೆಯ ಒರಟು ಭಾಗವನ್ನು ಈ ಚಿಪ್ಪಿಗೆ ಉಜ್ಜುತ್ತದೆ. ಬಾಚಣಿಕೆಯ ಹಲ್ಲುಗಳ ಮೇಲೆ ಉಗುರು ಎಳೆದಂತೆ ಸದ್ದು ಬರುತ್ತದೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯದೂ ಇದೇ ವಿಧಾನ. ಉದ್ದ ಮೀಸೆಯ ಮರದ ದುಂಬಿ ಎದೆಯ ಭಾಗಗಳನ್ನೇ ಒಂದಕ್ಕೊಂದು ತಿಕ್ಕುತ್ತದೆ. ಇನ್ನೊಂದು ಜಾತಿಯ ದುಂಬಿ ಬೆನ್ನಡಿಯಾಗಿ ಬಿದ್ದರೆ ಎದೆಯ ಮುಳ್ಳನ್ನು ಕುಳಿಯೊಳಗೆ ಜಾರಿಸಿ, ಟಕ್ ಎಂದು ಮೇಲಕ್ಕೆ ಚಿಮ್ಮುತ್ತದೆ.

ಸದ್ದಿನ ಉದ್ದೇಶವೂ ಒಂದೇ ಅಲ್ಲ. ಹಿಡಿದಾಗ ಬರುವ ಕಿರಕಿರಿ ಶತ್ರುವನ್ನು ಬೆಚ್ಚಿಸಲು. ಕೊಂಬಿನ ಗಂಡು ದುಂಬಿ ಹೆಣ್ಣಿನ ಬಳಿ ಸದ್ದು ಮಾಡುತ್ತದೆ. ಯುರೋಪಿನ ಹಳೆಯ ಮನೆಗಳ ತೊಲೆಯೊಳಗಿರುವ ಒಂದು ದುಂಬಿ ಮರಕ್ಕೆ ತಲೆ ಬಡಿದು ಸಂಗಾತಿಯನ್ನು ಕರೆಯುತ್ತದೆ. ಡಾರ್ವಿನ್ 1871ರ ತಮ್ಮ ಗ್ರಂಥದಲ್ಲಿಯೇ ದುಂಬಿಗಳ ಸದ್ದಿನ ಬಗ್ಗೆ ಬರೆದಿದ್ದಾರೆ.

ದುಂಬಿ ಬೇಕೆಂದು ಮಾಡದ ಸದ್ದೂ ಒಂದಿದೆ. ಅದು ನಮ್ಮ ಮನೆಯ ತೊಗರಿ ಚೀಲಕ್ಕೆ ಸಂಬಂಧಿಸಿದ್ದು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ದೊಡ್ಡ ಶತ್ರು ಕಾಳಿನ ದುಂಬಿ. ಹೆಣ್ಣು ದುಂಬಿ ಕಾಳಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಕೊರೆದು ತಿನ್ನುತ್ತದೆ. ದುಂಡಗಿನ ತೂತು ನಮಗೆ ಕಾಣುವಷ್ಟರಲ್ಲಿ ಕಾಳು ಹಾಳಾಗಿರುತ್ತದೆ. ಆದರೆ ಅದು ಅಗಿಯುವ ಸದ್ದನ್ನು ಅಡಗಿಸಲಾರದು. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ವಿಜ್ಞಾನಿಗಳು ಸೂಕ್ಷ್ಮ ಉಪಕರಣಗಳಿಂದ ಹಿಡಿದು, ಕಾಳು ಒಡೆಯದೆಯೇ ಹುಳು ಇದೆಯೆಂದು ತಿಳಿಯುತ್ತಾರೆ.

ಅಂಥ ಉಪಕರಣ ನಮ್ಮ ಮನೆಗಳಲ್ಲಿಲ್ಲ. ಆದ್ದರಿಂದ ರಾಶಿಯಾದ ಮೇಲೆ ತೊಗರಿಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡೋಣ. ಬಿತ್ತನೆಗೆ ಇಟ್ಟ ಕಾಳನ್ನು ಆಗಾಗ ತೆಗೆದು ನೋಡೋಣ. ಮೊಳಕೆಯ ಭಾಗವನ್ನು ಹುಳು ತಿಂದ ಕಾಳು ಹೊಲದಲ್ಲಿ ಹುಟ್ಟುವುದಿಲ್ಲ.