ಅಲ್ಲಿ ಮತಪೆಟ್ಟಿಗೆ, ಇಲ್ಲಿ ಕಾಯ್ದೆ

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. ವಯಸ್ಸು 31, ಹದಿನೇಳು ವಾರದ ಬಸುರಿ. ಗರ್ಭ ಉಳಿಯದೆಂದು ವೈದ್ಯರಿಗೆ ಗೊತ್ತಿತ್ತು, ತೆಗೆಯಿರಿ ಎಂದು ಸವಿತಾ ಕೇಳಿಯೂ ಇದ್ದರು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ಕಾಯಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು.

ಅಲ್ಲಿನ ಸಂವಿಧಾನದ ಎಂಟನೇ ತಿದ್ದುಪಡಿ ತಾಯಿಗೂ ಹುಟ್ಟದ ಶಿಶುವಿಗೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು. 1983ರಲ್ಲಿ ಶೇ 66.9ರಷ್ಟು ಮತದಾರರು ಒಪ್ಪಿ ಸೇರಿಸಿದ್ದು. ಸೇರಿಸಿದವರೇ ತೆಗೆಯಬೇಕು: ಐರ್ಲೆಂಡಿನಲ್ಲಿ ಸಂವಿಧಾನ ತಿದ್ದಲು ಎರಡೂ ಸದನಗಳ ಒಪ್ಪಿಗೆ ಸಾಲದು, ಜನಮತಗಣನೆ ಆಗಲೇಬೇಕು. ಅದರಲ್ಲಿ ಮತ ಐರಿಷ್ ಪೌರರಿಗಷ್ಟೇ. ಅಲ್ಲಿ ನೆಲೆಸಿದ ಕನ್ನಡಿಗರು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ಇದರಲ್ಲಿ ಪೌರತ್ವ ಪಡೆಯದೆ ಹಾಕುವಂತಿಲ್ಲ.

ಆ ತಿದ್ದುಪಡಿಯ ರದ್ದತಿಗಾಗಿ 2018ರ ಮೇ 25ರಂದು ನಡೆದ ಮತದಾನಕ್ಕೆ ಹೊರದೇಶಗಳಲ್ಲಿದ್ದ ಐರಿಷ್ ಯುವಜನ ವಿಮಾನ ಹತ್ತಿ ಬಂದರು. ಬೆಳಗಾವಿಯಿಂದ ಸವಿತಾ ಅವರ ಹೆತ್ತವರು ರದ್ದತಿಯ ಪರ ಮತ ಕೇಳಿದರು. ವಿರೋಧಿಗಳ ಪ್ರಚಾರವೂ ಅಷ್ಟೇ ಬಿರುಸಾಗಿತ್ತು. ಯಾವ ಪಕ್ಷಕ್ಕೂ ವಾಲದ ಆಯೋಗವೊಂದು ಮನೆಮನೆಗೆ ಮಾಹಿತಿ ಪುಸ್ತಿಕೆ ಕಳಿಸಿತು. ಶೇ 66.4ರಷ್ಟು ಜನ ‘ರದ್ದಾಗಲಿ’ ಎಂದರು. ಡೊನಿಗಾಲ್ ಕ್ಷೇತ್ರವೊಂದೇ ಒಪ್ಪಲಿಲ್ಲ.

ನಮ್ಮಲ್ಲಿ ಇಂಥ ಜನಮತಗಣನೆ ಇಲ್ಲ. ಗರ್ಭಪಾತದ ಹೆಸರಲ್ಲಿ ಓಟು ಕೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ. ನೆಮ್ಮದಿಯ ಮಾತೇನೋ ಹೌದು, ಆದರೆ 1971ರಿಂದ ಇರುವ ಕಾಯ್ದೆಯಲ್ಲಿ ಏನಿದೆಯೆಂದು ತಿಳಿಸಲೂ ಯಾರೂ ಬಂದಿಲ್ಲ. ಸವಿತಾ ಅಂದು ಬೆಳಗಾವಿಯಲ್ಲೇ ಇದ್ದಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬರದೇ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಕಾರಣವಾಗುತ್ತದೆ. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿದ್ದಾಗಲೇ ವಿಧವೆಯಾದವರು ಮೊದಲಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೆ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರ ದಾಟಿದರೂ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ತಾಯಿಯ ಜೀವ ಉಳಿಸಲು ತುರ್ತಾದರೆ ವಾರಗಳ ಲೆಕ್ಕವೇ ಇಲ್ಲ. ಅವಿವಾಹಿತೆಯರಿಗೂ ಇದೇ ಹಕ್ಕೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಗರ್ಭಪಾತ ಮಾಡಿಸಿಕೊಂಡವರ ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಆಸ್ಪತ್ರೆಯ ಕೌಂಟರಿನಲ್ಲಿ ‘ಯಜಮಾನರ ಸಹಿ ತನ್ನಿ’ ಎಂದರೆ ಹಿಂದಿರುಗಿ ಬರಬೇಡಿ. ಹದಿನೆಂಟು ತುಂಬಿ, ಮಾನಸಿಕ ಅಸ್ವಸ್ಥತೆ ಇಲ್ಲದ ಹೆಣ್ಣಿಗೆ ಕಾಯ್ದೆಯ 3ನೇ ಸೆಕ್ಷನ್ ಕೇಳುವುದು ಅವಳ ಒಪ್ಪಿಗೆಯನ್ನು ಮಾತ್ರ. ಆ ಒಪ್ಪಿಗೆ ಬರೆದುಕೊಡುವ ‘ಫಾರಂ ಸಿ’ ಕೊಡಿ ಎನ್ನಿ. ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ.