ಜಾಥಾ ಮುಗಿದ ಮೇಲೆ

ಪ್ರೀತಿಯ ಸುಮಾ,

ನಿನ್ನ ಕಾಗದ ತಲುಪಿತು. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಊರಲ್ಲಿ ಜಾಥಾ ತೆಗೆಯುತ್ತೀಯಂತೆ, ಬಸ್ ಸ್ಟ್ಯಾಂಡಿನ ಗೋಡೆಗೆ ಬರಹ ಬರೆಸುತ್ತೀಯಂತೆ. ಓದಿ ಹಿಗ್ಗಾಯಿತು. ಜೊತೆಗೇ ಒಂಚೂರು ಪುಕುಪುಕು ಅಂತಲೂ ಆಯಿತು. ಫೋನಿನಲ್ಲಿ ಹೇಳಿದರೆ ‘ಹ್ಞೂಂ ದೊಡ್ಡಮ್ಮ’ ಅಂತ ಮುಗಿಸಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿ ಜಿಲ್ಲೆಯಲ್ಲಿ ನಾನು ಆರೋಗ್ಯ ಸಹಾಯಕಿಯಾಗಿದ್ದ ಕಾಲ ನಿನಗೆ ಕಥೆಯಾಗಿ ಗೊತ್ತು. 1985ರ ಹೊತ್ತಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಇಡೀ ಜಿಲ್ಲೆಯಲ್ಲೇ ಒಂದು ಪ್ರಯೋಗಕ್ಕೆ ಕೈಹಾಕಿದರು. ಅದಕ್ಕೆ ಮುಂಚೆ ಆನೇಕಲ್ ಕಡೆಯ ಸಕಲವಾರದಲ್ಲಿ ಸಣ್ಣದಾಗಿ ಮಾಡಿ ನೋಡಿದ್ದರು. ಮನಸ್ಸಿನ ಕಾಯಿಲೆಯವರೆಲ್ಲ ಬೆಂಗಳೂರಿಗೇ ಬರಬೇಕೆಂದರೆ ಆಗುವ ಮಾತಲ್ಲ. ರೈಲಿನ ಖರ್ಚು, ಕೂಲಿ ನಷ್ಟ, ಮೇಲೆ ‘ಹುಚ್ಚಾಸ್ಪತ್ರೆಗೆ ಹೋಗಿ ಬಂದವರು’ ಅನ್ನುವ ಹೆಸರು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ಸುತ್ತುವ ನಮಗೂ ತರಬೇತಿ ಕೊಟ್ಟರು. ಲಸಿಕೆಗೆ, ಬಾಣಂತಿ ನೋಡುವುದಕ್ಕೆ ಹೋದ ಮನೆಯಲ್ಲೇ ಕೇಳಬೇಕು: ನಿದ್ದೆಗೆಟ್ಟವರು, ಒಬ್ಬರೇ ಮಾತಾಡಿಕೊಳ್ಳುವವರು, ಮೂಲೆ ಹಿಡಿದು ಕೂತವರು, ಮೂರ್ಛೆ ಬರುವವರು ಯಾರಾದರೂ ಇದ್ದಾರಾ? ಆ ಬಳ್ಳಾರಿ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹರಡತೊಡಗಿತು. ನಮ್ಮ ಸಂಡೂರು, ಕೂಡ್ಲಿಗಿ ದಾರಿಯ ಧೂಳು ತಿಂದವರಿಗೆ ಅಷ್ಟು ಜಂಬ ಇರಲಿ ಬಿಡು.

ಮೊದಮೊದಲು ನಾನೂ ಭಾಷಣ ಬಿಗಿದವಳೇ. ಗಾಳಿ ಸೋಂಕು ಇಲ್ಲ, ಮಾಟ ಇಲ್ಲ, ಯಂತ್ರ ಕಟ್ಟಿಸಬೇಡಿ ಅಂತ. ಜನ ಚಹಾ ಕೊಟ್ಟು ಕಳಿಸುತ್ತಿದ್ದರು, ಅಷ್ಟೆ. ದೇವರ ಮೇಲೆ ಜಗಳಕ್ಕೆ ಹೋಗಬೇಡ. ಹರಕೆಯೂ ಇರಲಿ, ಗುಳಿಗೆಯೂ ಇರಲಿ ಅಂದರೆ ಬಾಗಿಲು ತೆರೆದೇ ಇರುತ್ತದೆ. ಆದರೆ ಸರಪಳಿ ಕಂಡರೆ ಮಾತ್ರ ಸುಮ್ಮನಿರಬೇಡ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸತ್ತರು. ಈಗಿನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಈಗ ನನ್ನ ಪುಕುಪುಕು ಏನೆಂದು ಹೇಳುತ್ತೇನೆ. ಜಾಥಾ ನೋಡಿ ಒಂದು ಮನೆಯವರು ಧೈರ್ಯ ಮಾಡಿ ಮಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಅಂದುಕೋ. ಗುಳಿಗೆ ಬರುತ್ತದೆ. ನೀನು ಫೋಟೋ ತೆಗೆದು ಗೆದ್ದೆವು ಅಂದುಕೊಳ್ಳುತ್ತೀ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ, ಮಗಳೇ. ಈ ಗುಳಿಗೆಗಳ ಹಣೆಬರಹ ಹೇಗೆಂದರೆ, ತೊಂದರೆ ಮೊದಲು ಕಾಣುತ್ತದೆ, ಗುಣ ಆಮೇಲೆ. ಖಿನ್ನತೆಯ ಔಷಧಿ ಹಿಡಿಯುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಇನ್ನು ಕೆಲವು ಔಷಧಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ‘ಮೊದಲೇ ವಾಸಿಯಿದ್ದ, ನಿಮ್ಮ ಗುಳಿಗೆಯಿಂದ ಕಟ್ಟಿಗೆ ಆಗಿಬಿಟ್ಟ’ ಅಂತ ಒಬ್ಬ ತಾಯಿ ನನ್ನ ಮುಂದೆ ಗುಳಿಗೆ ಡಬ್ಬಿಯನ್ನು ಒಲೆ ಪಕ್ಕ ಕುಕ್ಕಿದ್ದಳು. ಡಬ್ಬಿ ತೆಗೆದು ನೋಡಿದರೆ ಮುಕ್ಕಾಲು ಪಾಲು ಹಾಗೇ ಇತ್ತು. ಡಾಕ್ಟರಿಗೆ ಹೇಳಿದ್ದಕ್ಕೆ ಪ್ರಮಾಣ ತಗ್ಗಿಸಿ, ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿಸಿದರು. ಅಷ್ಟಕ್ಕೇ ಆ ಹುಡುಗ ಚೇತರಿಸಿಕೊಂಡ. ಅವನು ಎಮ್ಮೆ ಹೊಡೆದುಕೊಂಡು ಹೋಗುವುದು ಕಂಡ ಮೇಲೆ ‘ಈಗ ಗುಣವಾಯ್ತಲ್ಲ, ಇನ್ನೇಕೆ?’ ಅಂತ ಮತ್ತೆ ನಿಲ್ಲಿಸಿದರು. ಮತ್ತೆ ಮೊದಲಿನಿಂದ. ನಡುವೆ ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವ ಸೋದರಮಾವ ಬೇರೆ! ಪ್ರತಿ ಮನೆಗೂ ಒಬ್ಬ ಅಂಥ ಸೋದರಮಾವ ಇರುತ್ತಾನೆ, ನೋಡುತ್ತಿರು.

ಅದಕ್ಕೇ ನನ್ನದು ಒಂದೇ ಮಾತು. ಆ ಮನೆಗೆ ಎರಡನೆಯ ಸಲ ಹೋಗು. ಮೂರನೆಯ ಸಲವೂ ಹೋಗು. ಹಾಡುಹಗಲೇ ಬ್ಯಾನರ್ ಗುಂಪು ಕಟ್ಟಿಕೊಂಡು ಹೋಗಬೇಡ, ಓಣಿಯಲ್ಲಿ ಸುದ್ದಿಯಾಗುತ್ತದೆ. ಆಶಾ ಕಾರ್ಯಕರ್ತೆ ಹೇಗೂ ಎಲ್ಲ ಮನೆಗೂ ಹೋಗುವವಳು, ಅವಳ ಜೊತೆ ಹೋಗು. ಗುಳಿಗೆ ಎಣಿಸುವ ಮುಂಚೆ ಆ ತಾಯಿಗೆ ರಾತ್ರಿ ನಿದ್ದೆ ಆಯಿತಾ ಅಂತ ಕೇಳು. ಸಾರಿನಲ್ಲಿ ಕದ್ದು ಗುಳಿಗೆ ಬೆರೆಸುತ್ತಿದ್ದರೆ ಬೈಯಬೇಡ, ಆದರೆ ಬಿಡಿಸು. ಗೊತ್ತಾದ ದಿನ ಅವನು ಊಟವನ್ನೇ ಬಿಡುತ್ತಾನೆ. ಕಾಯಿಲೆ ಯಾವುದು, ಗುಳಿಗೆ ಯಾವುದು ಅಂತ ನೀನು ಹೇಳಲು ಹೋಗಬೇಡ. ಅದು ಡಾಕ್ಟರ ಕೆಲಸ. ನಿನ್ನ ಕೆಲಸ ಅವರನ್ನು ಮತ್ತೆ ಡಾಕ್ಟರ ಮುಂದೆ ಕೂರಿಸುವುದು.

ನಮ್ಮ ಕಾಲಕ್ಕಿಂತ ನಿನಗೆ ಅನುಕೂಲ ಜಾಸ್ತಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಬರುತ್ತಾರೆ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸು, ಸುಮ್ಮನೆ ಬಸ್ ಚಾರ್ಜು ದಂಡವಾದರೆ ಮುಂದಿನ ಸಲ ಯಾರೂ ಹೊರಡುವುದಿಲ್ಲ. ಟೆಲಿ ಮಾನಸ್ 14416 ಇದೆ, 2022ರಿಂದ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಗೋಡೆಯ ಮೇಲೆ ಬರೆಸುವುದಾದರೆ ಘೋಷಣೆಗಿಂತ ಆ ನಂಬರನ್ನೇ ದಪ್ಪಗೆ ಬರೆಸು. ಯಾರಾದರೂ ಸಾಯುವ ಮಾತಾಡಿದರೆ ನೇರವಾಗಿ ಕೇಳು. ಕೇಳಿದರೆ ಯೋಚನೆ ತಲೆಗೆ ತುಂಬುತ್ತದೆ ಅನ್ನುವುದು ಸುಳ್ಳು. ಒಬ್ಬರನ್ನೇ ಬಿಡಬೇಡ. ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದವರ ಮನೆಯವರು ಪೊಲೀಸರ ಹೆದರಿಕೆಗೆ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಾರೆ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷೆ ಕೂಡದು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಇದನ್ನು ತಿಳಿಸಿ ಹೇಳು. ಓದಬಲ್ಲ ಮನೆಗೆ ಡಾ. ಸಿ.ಆರ್. ಚಂದ್ರಶೇಖರ್ ಅವರ ಒಂದು ಪುಸ್ತಕ ಕೊಡು. ನಿಮ್ಹಾನ್ಸ್‌ನಲ್ಲಿದ್ದುಕೊಂಡು ಸರಳ ಕನ್ನಡದಲ್ಲಿ ಅಷ್ಟು ಬರೆದವರು ಅವರು.

ಬ್ಯಾನರಿನ ದುಡ್ಡಿನಲ್ಲಿ ಉಳಿದರೆ ಒಂದು ಸಣ್ಣ ನೋಟ್‌ಬುಕ್ ತಗೋ. ಮತ್ತೆ ಆಸ್ಪತ್ರೆಗೆ ಹೋಗುವ ತಾರೀಖು ಬರೆದುಕೋ, ಹೆಸರು ಮಾತ್ರ ಬರೆಯಬೇಡ. ನಾನು ‘ಬೇವಿನ ಮರದ ಮನೆ’, ‘ಗಿರಣಿ ಹಿಂದಿನ ಮನೆ’ ಅಂತ ಗುರುತು ಹಾಕಿಕೊಳ್ಳುತ್ತಿದ್ದೆ. ನವೆಂಬರಿನಲ್ಲಿ ನಾನು ಊರಿಗೆ ಬಂದಾಗ ಅದನ್ನು ತೋರಿಸು. ನಿನ್ನಮ್ಮನಿಗೆ ಸಂಡಿಗೆ ತಲುಪಿತು ಅಂತ ಹೇಳು, ಉಪ್ಪು ಸ್ವಲ್ಪ ಮುಂದಾಗಿದೆ ಅಂತಲೂ ಹೇಳು.

ಇಂತಿ,
ನಿನ್ನ ದೊಡ್ಡಮ್ಮ