ದ್ರಾಕ್ಷಿ ತೋಟದ ರೋಗಗಳನ್ನು ಚಿತ್ರಗಳಿಂದ ಗುರುತಿಸುವ ಕ್ರಮ

ಬೆಳೆಗೆ ತಗಲಿದ ರೋಗವು ದಾರಿಹೋಕನ ಕಣ್ಣಿಗೂ ಕಾಣುವ ಹೊತ್ತಿಗೆ ಅದು ತೋಟದಲ್ಲಿ ಬೇರೂರಿರುತ್ತದೆಂಬುದು ಅನುಭವಸ್ಥರಾದ ಒಕ್ಕಲಿಗರೆಲ್ಲರಿಗೂ ತಿಳಿದ ಸಂಗತಿಯು. ಆದಕಾರಣ ರೋಗವನ್ನು ಮುಂಚಿತವಾಗಿ ಕಂಡುಹಿಡಿಯುವ ಸಾಧನಕ್ಕೆ ಬೆಲೆಯುಂಟು. ಉಪಗ್ರಹ, ಡ್ರೋನ್ ಮತ್ತು ಮೊಬೈಲ್ ಫೋನು, ಈ ಮೂರರಿಂದ ತೆಗೆದ ಚಿತ್ರಗಳ ಮೂಲಕ ರೋಗವನ್ನು ಗುರುತಿಸುವೆವೆಂದು ಹೇಳುವವರು ಈಚೆಗೆ ಹಳ್ಳಿಗಳಿಗೂ ಬರುತ್ತಿದ್ದಾರೆ. ಇಂಥವರಿಗೆ ಹಣ ತೆರುವುದಕ್ಕೆ ಮುಂಚೆ, ಆ ಚಿತ್ರಗಳು ಏನನ್ನು ತೋರಿಸಬಲ್ಲವು, ಏನನ್ನು ತೋರಿಸಲಾರವು ಎಂಬುದನ್ನು ಊರಿನ ಮುಖಂಡರೂ ಜಮೀನುದಾರರೂ ಅರಿತಿರುವುದು ಅವಶ್ಯವು.

ರಟ್ಟೀಹಳ್ಳಿ ಸೀಮೆಯಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿಗಳೇ ಮುಖ್ಯವಾದ ಬೆಳೆಗಳು. ನಮ್ಮ ರಾಜ್ಯದಲ್ಲಿ ದ್ರಾಕ್ಷಿಯು ಹೆಚ್ಚಾಗಿ ಬೆಳೆಯುವುದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ. ಆದರೂ ಈ ಪಾಠಕ್ಕೆ ದ್ರಾಕ್ಷಿಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಅದರ ರೋಗಗಳು ಶೀಘ್ರವಾಗಿ ಹಬ್ಬುತ್ತವೆ. ಸಿಂಪರಣೆಯ ವೆಚ್ಚವು ಅಧಿಕ. ಒಂದು ರೋಗಕ್ಕೆ ಕೊಡುವ ಔಷಧವು ಇನ್ನೊಂದಕ್ಕೆ ನಾಟುವುದಿಲ್ಲ. ಹೀಗಾಗಿ ಗುರುತಿಸುವಲ್ಲಿ ತಪ್ಪಾದರೆ ಆಗುವ ನಷ್ಟವು ಇಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

1. ರೋಗಗಳ ಲಕ್ಷಣಗಳು

ಬೆಳೆಗಾರರು ‘ಡೌನಿ’ ಎಂದು ಕರೆಯುವ ಬೂಜು ರೋಗವು ಇವುಗಳಲ್ಲಿ ಅತ್ಯಂತ ಭಯಂಕರವಾದುದು. ಅಕ್ಟೋಬರ್ ತಿಂಗಳ ಚಾಟ್ನಿಯ ತರುವಾಯ, ಎಳೆ ಚಿಗುರು ಹೊರಡುವ ವೇಳೆಗೆ ಹಿಂಗಾರಿನ ಮಳೆ ಬಿದ್ದು ಎಲೆಗಳು ಕೆಲವು ತಾಸು ಒದ್ದೆಯಾಗಿದ್ದರೆ ಈ ರೋಗವು ತಗಲುತ್ತದೆ. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಚೆಲ್ಲಿದಂತೆ ಹಳದಿ ಮಚ್ಚೆಗಳೂ, ಅವುಗಳ ನೇರಕ್ಕೆ ಕೆಳಭಾಗದಲ್ಲಿ ಹತ್ತಿಯಂಥ ಬಿಳಿಯ ಬೂಜೂ ಕಾಣುತ್ತವೆ. ಹೂಗೊಂಚಲಿಗೆ ತಗಲಿದರೆ ಗೊಂಚಲೇ ಒಣಗಿಹೋಗುತ್ತದೆ. ಸೋಂಕು ತಗಲಿದ ಸುಮಾರು ನಾಲ್ಕರಿಂದ ಹತ್ತು ದಿನಗಳವರೆಗೆ ಹೊರಗೆ ಯಾವ ಗುರುತೂ ತೋರದಿರುವುದೇ ಇದರ ಅಪಾಯವು.

ಬೂದಿ ರೋಗದಲ್ಲಿ ಎಲೆಯ ಮೇಲೂ ಕಾಯಿಗಳ ಮೇಲೂ ಬೂದಿ ಉದುರಿಸಿದಂತೆ ಬಿಳಿಯ ಪುಡಿಯು ಹರಡುತ್ತದೆ. ಇದಕ್ಕೆ ಗಂಧಕವು ಒಳ್ಳೆಯ ಔಷಧ. ಆದರೆ ಬೂಜು ರೋಗಕ್ಕೆ ಗಂಧಕದಿಂದ ಪ್ರಯೋಜನವಿಲ್ಲ. ಎರಡೂ ಬಿಳಿಯ ಬಣ್ಣದವಾದುದರಿಂದ ಒಂದನ್ನು ಇನ್ನೊಂದೆಂದು ತಿಳಿದು ಗಂಧಕ ಹೊಡೆದ ಬೆಳೆಗಾರನು ಹಣವನ್ನೂ, ಅದಕ್ಕಿಂತ ಬೆಲೆಯುಳ್ಳ ನಾಲ್ಕಾರು ದಿನಗಳನ್ನೂ ಕಳೆದುಕೊಳ್ಳುತ್ತಾನೆ.

ಬೂಜು ರೋಗವು ಫ್ರಾನ್ಸ್ ದೇಶದಲ್ಲಿ ಮೊದಲು ಕಂಡುಬಂದುದು 1878ರಲ್ಲಿ. ಅಲ್ಲಿಯ ಬೋರ್ಡೋ ಪ್ರಾಂತದಲ್ಲಿ ಕಳ್ಳರನ್ನು ಹೆದರಿಸಲು ದಾರಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಚಿಮುಕಿಸುತ್ತಿದ್ದರು. ಆ ಬಳ್ಳಿಗಳು ಮಾತ್ರ ರೋಗದಿಂದ ಉಳಿದುದನ್ನು ಪ್ರಾಧ್ಯಾಪಕ ಮಿಲಾರ್ದೆ ಎಂಬುವರು ಗಮನಿಸಿ, 1885ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಬಳಕೆಗೆ ತಂದುದನ್ನು ಮಲೆನಾಡಿನವರು ಬಲ್ಲರು. ಈ ಔಷಧವು ಹುಟ್ಟಿದ್ದು ಯಾವ ಬಳ್ಳಿ ಉಳಿಯಿತು, ಯಾವುದು ಉಳಿಯಲಿಲ್ಲವೆಂಬುದನ್ನು ಎಚ್ಚರದಿಂದ ನೋಡಿದ ಒಬ್ಬರ ಕಣ್ಣಿನಿಂದಲೇ.

2. ಎಲೆಯೂ ಬೆಳಕೂ

ಆರೋಗ್ಯವಾದ ಎಲೆಯು ಸೂರ್ಯನ ಬೆಳಕಿನಲ್ಲಿ ಕೆಂಪು ಮತ್ತು ನೀಲಿ ಕಿರಣಗಳನ್ನು ಹೀರಿಕೊಂಡು ಹಸಿರನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ಕಳುಹಿಸುತ್ತದೆ. ಕೆಂಪಿನಾಚೆಗೆ ಮನುಷ್ಯನ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನಾದರೋ ಅದು ಬಹಳವಾಗಿ ಹಿಂದಕ್ಕೆ ಕಳುಹಿಸುತ್ತದೆ. ಎಲೆಯು ಕೆಟ್ಟಾಗ ಕೆಂಪು ಹೆಚ್ಚಾಗಿ ಹಿಂದಿರುಗುತ್ತದೆ, ಅತಿಗೆಂಪು ಕಡಮೆಯಾಗುತ್ತದೆ. ಈ ವ್ಯತ್ಯಾಸವನ್ನು ವಿಶೇಷ ಕ್ಯಾಮರಾಗಳು ಅಳೆಯುತ್ತವೆ.

ಲೆಕ್ಕದ ರೀತಿ ಹೀಗೆ: ಅತಿಗೆಂಪಿನ ಪ್ರಮಾಣದಿಂದ ಕೆಂಪಿನ ಪ್ರಮಾಣವನ್ನು ಕಳೆದು, ಬಂದುದನ್ನು ಅವೆರಡರ ಮೊತ್ತದಿಂದ ಭಾಗಿಸಬೇಕು. ಉದಾಹರಣೆಗೆ, ಅತಿಗೆಂಪು 50, ಕೆಂಪು 5 ಆದರೆ, 45ನ್ನು 55ರಿಂದ ಭಾಗಿಸಿ 0.82 ಬರುತ್ತದೆ. ಅತಿಗೆಂಪು 40, ಕೆಂಪು 15 ಆದರೆ, 25ನ್ನು 55ರಿಂದ ಭಾಗಿಸಿ 0.45 ಬರುತ್ತದೆ. ಎನ್‌ಡಿವಿಐ ಎಂದು ಕರೆಯುವ ಸೂಚ್ಯಂಕವು ಇದೇ. ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿಂದ ತೋರಿಸುವುದು ಸಾಮಾನ್ಯವಾಗಿ ಈ ಅಂಕಿಯನ್ನೇ.

ಇಲ್ಲಿ ಒಂದು ವಿಷಯವನ್ನು ಮರೆಯಲಾಗದು. ನೀರು ಸಾಲದ ಬಳ್ಳಿ, ಗೊಬ್ಬರ ಸಾಲದ ಬಳ್ಳಿ, ಬೇರು ಕೊಳೆತ ಬಳ್ಳಿ, ರೋಗ ತಗಲಿದ ಬಳ್ಳಿ, ಇವೆಲ್ಲವುಗಳ ಅಂಕಿಯೂ ಇಳಿಯುತ್ತದೆ. ಅಂಕಿಯು ಬಳ್ಳಿಗೆ ಸುಖವಿಲ್ಲವೆಂದು ಹೇಳುತ್ತದೆಯೇ ಹೊರತು ಯಾವ ಬೇನೆಯೆಂದು ಹೇಳುವುದಿಲ್ಲ.

3. ಮೂರು ಬಗೆಯ ಚಿತ್ರಗಳು

ಉಪಗ್ರಹ: ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 2015 ಮತ್ತು 2017ರಲ್ಲಿ ಮೇಲೇರಿದವು. ಇವುಗಳ ಚಿತ್ರಗಳು ಸುಮಾರು ಐದು ದಿನಗಳಿಗೊಮ್ಮೆ ಉಚಿತವಾಗಿ ದೊರೆಯುತ್ತವೆ. ಚಿತ್ರದ ಒಂದೊಂದು ಚೌಕವು 10 ಮೀಟರ್ ಉದ್ದ, 10 ಮೀಟರ್ ಅಗಲವಾಗಿದ್ದು, ಹೆಚ್ಚು ಕಡಮೆ ಒಂದು ಗುಂಟೆಯಷ್ಟಾಗುತ್ತದೆ. ಸಾಲಿನಿಂದ ಸಾಲಿಗೆ 10 ಅಡಿ, ಬಳ್ಳಿಯಿಂದ ಬಳ್ಳಿಗೆ 6 ಅಡಿ ಬಿಟ್ಟ ತೋಟದಲ್ಲಿ ಒಂದು ಗುಂಟೆಗೆ 18 ಬಳ್ಳಿಗಳಿರುತ್ತವೆ. ಇವುಗಳಲ್ಲಿ ಒಂದಕ್ಕೆ ಮಾತ್ರ ರೋಗವಿದ್ದರೆ ಉಳಿದ 17ರ ಹಸಿರಿನಲ್ಲಿ ಅದು ಅಡಗಿಹೋಗುತ್ತದೆ. ಮೇಲಾಗಿ ಬೂಜು ರೋಗಕ್ಕೆ ಅನುಕೂಲವಾದ ಮೋಡದ ದಿನಗಳಲ್ಲೇ ಉಪಗ್ರಹಕ್ಕೆ ಭೂಮಿಯು ಕಾಣದು.

ಡ್ರೋನ್: ಇದು ತಗ್ಗಿನಲ್ಲಿ ಹಾರುವುದರಿಂದ ಒಂದೊಂದು ಬಳ್ಳಿಯನ್ನೂ ಬೇರೆಯಾಗಿ ತೋರಿಸಬಲ್ಲದು. ದೊಡ್ಡ ತೋಟದಲ್ಲಿ ಯಾವ ಮೂಲೆಯಲ್ಲಿ ಬಳ್ಳಿಗಳು ಸೊರಗಿವೆಯೆಂಬುದನ್ನು ತಿಳಿಯಲು ಅನುಕೂಲವು. ಆದರೆ ಬೂಜು ಇರುವುದು ಎಲೆಯ ಕೆಳಗೆ; ಡ್ರೋನ್ ನೋಡುವುದು ಮೇಲಿನಿಂದ. ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಯಂತ್ರವನ್ನು ನೋಂದಾಯಿಸಿರುವರೇ ಎಂದು ಮುಖಂಡರು ಕೇಳತಕ್ಕದ್ದು.

ಮೊಬೈಲ್ ಫೋನು: ಎಲೆಯ ಚಿತ್ರವನ್ನು ನೋಡಿ ಗಣಕಯಂತ್ರವೇ ರೋಗದ ಹೆಸರು ಹೇಳುವ ವಿಧಾನವಿದು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 14 ಬೆಳೆಗಳ 54,306 ಎಲೆಚಿತ್ರಗಳನ್ನು ಉಪಯೋಗಿಸಲಾಯಿತು. ಯಂತ್ರಕ್ಕೆ ಕಲಿಸುವಾಗ ತೆಗೆದಿರಿಸಿದ್ದ ಅದೇ ರಾಶಿಯ ಚಿತ್ರಗಳಿಂದ ಪರೀಕ್ಷಿಸಿದಾಗ ಅದು ನೂರಕ್ಕೆ 99ಕ್ಕೂ ಮಿಕ್ಕಿ ಸರಿಯಾದ ಉತ್ತರ ಕೊಟ್ಟಿತು. ಬೇರೆ ಕಡೆಯಿಂದ ತಂದ ಚಿತ್ರಗಳನ್ನು ತೋರಿಸಿದಾಗಲಾದರೋ ನೂರಕ್ಕೆ ಸುಮಾರು 31ಕ್ಕೆ ಇಳಿಯಿತು. ಆ ರಾಶಿಯಲ್ಲಿ ದ್ರಾಕ್ಷಿಯ ಮೂರು ರೋಗಗಳಿದ್ದುವು; ಆದರೆ ನಮ್ಮ ತೋಟಗಳನ್ನು ಕಾಡುವ ಬೂಜು ರೋಗವಾಗಲಿ ಬೂದಿ ರೋಗವಾಗಲಿ ಅವುಗಳಲ್ಲಿ ಸೇರಿರಲಿಲ್ಲ. ಯಂತ್ರವು ತಾನು ಕಲಿತ ಹೆಸರುಗಳನ್ನು ಮಾತ್ರ ಹೇಳಬಲ್ಲದು. ಕಲಿಯದ ರೋಗವನ್ನು ತೋರಿಸಿದರೆ, ಬಲ್ಲ ಹೆಸರುಗಳಲ್ಲಿ ಒಂದನ್ನು ಅದಕ್ಕೆ ಅಂಟಿಸಿಬಿಡುತ್ತದೆ.

4. ಮಾಡತಕ್ಕ ಕ್ರಮ

ಮೇಲೆ ಹೇಳಿದುದರ ತಾತ್ಪರ್ಯವಿಷ್ಟೆ: ಎಲ್ಲಿ ನೋಡಬೇಕೆಂಬುದನ್ನು ಚಿತ್ರವು ತೋರಿಸುತ್ತದೆ, ಏನಾಗಿದೆಯೆಂಬುದನ್ನು ಎಲೆಯೇ ಹೇಳಬೇಕು. ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಯೋಗ್ಯವು.

(ಅ) ನಕ್ಷೆಯಲ್ಲಿ ಬಣ್ಣ ಬದಲಾದ ಸ್ಥಳಕ್ಕೆ ಅದೇ ದಿನ ಹೋಗಿ ಎಲೆಗಳನ್ನು ಮಗುಚಿ ನೋಡಬೇಕು. ನೀರು ಸರಿಯಾಗಿ ಬರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

(ಆ) ಎಣ್ಣೆಮಚ್ಚೆಯಿದ್ದು ಬೂಜು ಕಾಣದಿದ್ದರೆ, ಆ ಎಲೆಯನ್ನು ಒದ್ದೆ ಕಾಗದದೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯೆಲ್ಲ ಕತ್ತಲೆಯಲ್ಲಿ ಇಡಬೇಕು. ಬೂಜು ರೋಗವಾಗಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ಕೆಳಭಾಗದಲ್ಲಿ ಬಿಳಿಯ ಬೆಳವಣಿಗೆ ಕಾಣುತ್ತದೆ. ಈ ಪರೀಕ್ಷೆಗೆ ಕಾಸಿನ ವೆಚ್ಚವಿಲ್ಲ.

(ಇ) ಫೋನಿನಿಂದ ಚಿತ್ರ ತೆಗೆಯುವಾಗ ಎಲೆಯ ಎರಡು ಮಗ್ಗುಲುಗಳನ್ನೂ, ಇಡೀ ಬಳ್ಳಿಯನ್ನೂ ತೆಗೆಯಬೇಕು. ಅಳತೆಗಾಗಿ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು, ಸಾಲಿನ ಸಂಖ್ಯೆ, ತಾರೀಖು, ಮಳೆ ಬಿದ್ದ ದಿನ ಇವುಗಳನ್ನು ಬರೆದಿಡಬೇಕು.

(ಈ) ಚಿತ್ರದೊಡನೆ ಎಲೆಯನ್ನೂ ತಜ್ಞರಿಗೆ ತೋರಿಸಬೇಕು. ನಮ್ಮ ಜಿಲ್ಲೆಯವರಿಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ದ್ರಾಕ್ಷಿಗೆ ಸಂಬಂಧಿಸಿದಂತೆ ಪುಣೆಯಲ್ಲಿ 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ.

(ಉ) ಚಿತ್ರ ತೆಗೆಯಲು ಬರುವವರನ್ನು ಮೂರು ಪ್ರಶ್ನೆ ಕೇಳಬೇಕು: ನಿಮ್ಮ ಯಂತ್ರವು ಯಾವ ಯಾವ ರೋಗಗಳನ್ನು ಕಲಿತಿದೆ? ಆ ಚಿತ್ರಗಳನ್ನು ಯಾವ ಸೀಮೆಯ ಹೊಲಗಳಲ್ಲಿ ತೆಗೆದಿರಿ? ನಕ್ಷೆಯನ್ನು ಎಷ್ಟು ದಿನದೊಳಗೆ ಕೈಗೆ ಕೊಡುವಿರಿ? ಎಂಟು ದಿನ ತಡೆದು ಬರುವ ನಕ್ಷೆಯು ಬೂಜು ರೋಗದ ವಿಷಯದಲ್ಲಿ ಹೆಚ್ಚಿನ ಉಪಯೋಗಕ್ಕೆ ಬಾರದು.

ನಮ್ಮ ಸೀಮೆಯ ಮೆಣಸಿನಕಾಯಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಮುಟುರು ಬಿದ್ದ ಗಿಡಗಳ ಪಟ್ಟೆಯನ್ನು ಡ್ರೋನ್ ತೋರಿಸೀತು. ಆದರೆ ಥ್ರಿಪ್ಸ್ ನುಸಿಯಿಂದ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ, ಮೈಟ್ ನುಸಿಯಿಂದ ಕೆಳಕ್ಕೆ ಮುದುಡುತ್ತದೆ. ಎರಡಕ್ಕೂ ಔಷಧಗಳು ಬೇರೆ. ಇದನ್ನು ನಿರ್ಧರಿಸುವುದಕ್ಕೆ ಗಿಡದ ಬಳಿ ಬಗ್ಗಿ ನೋಡಲೇಬೇಕು. ಹೊಸ ಸಾಧನಗಳನ್ನು ಬೇಡವೆನ್ನುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ನಾಲ್ಕಾರು ಜಮೀನುದಾರರು ಕೂಡಿ ಚಿತ್ರಗಳನ್ನು ತೆಗೆಸಿ, ಸಂಶಯಾಸ್ಪದವಾದ ಸ್ಥಳಗಳನ್ನು ಹಂಚಿಕೊಂಡು ತಪ್ಪದೆ ನಡೆದು ನೋಡುವ ಏರ್ಪಾಡನ್ನು ಊರಿನ ಮುಖಂಡರು ಮಾಡಿದಲ್ಲಿ, ವೆಚ್ಚವೂ ಹಂಚಿಹೋಗುವುದು, ಒಬ್ಬರ ಹೊಲದ ರೋಗವು ನೆರೆಯವರಿಗೆ ಹಬ್ಬುವ ಮುನ್ನ ತಿಳಿದುಬರುವುದು.